ಕೀಲೆಣ್ಣೆ

ಬೆಂಡಿಗೊ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಮೂಳೆಗಳ ಚಿತ್ರ ತೆಗೆಯುವುದು ನನ್ನ ಕೆಲಸ.
ಜುಲೈ ತಿಂಗಳು, ಹುಲ್ಲೆಲ್ಲ ಬಿಳಿ ಹೆಪ್ಪುಗಟ್ಟಿದ ಬೆಳಗ್ಗೆ,
ಎಣ್ಣೆ ಮೆತ್ತಿದ ಟವೆಲಿನಲ್ಲಿ ಸುತ್ತಿಕೊಂಡು ಬಂತೊಂದು ಬಲಗೈ.
ಪೆನ್‌ಗೆಲ್ಲಿ, ಮರ್ವಿನ್. ವಯಸ್ಸು ಎಂಬತ್ತೊಂದು.
"ಹೇಗಾಯಿತು?"
"ಕಾರು ಒದೆಯಿತು."

ದನ ಒದ್ದೀತು, ಕತ್ತೆ ಒದ್ದೀತು.
ಕಾರು? ನಮ್ಮ ಫಾರಮ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.
ಪರದೆಯ ಮೇಲೆ ಮಣಿಕಟ್ಟು ಬೆಳಗಿದಾಗ
ಪಾಠದ ಪುಸ್ತಕದಲ್ಲಷ್ಟೇ ಕಂಡಿದ್ದ ಗೆರೆ:
ಡ್ರೈವರನ ಮುರಿತ. ಹ್ಯಾಂಡಲು ಸುತ್ತಿ ಗಾಡಿ ಎಬ್ಬಿಸುತ್ತಿದ್ದ ಕಾಲದ
ನೂರು ವರ್ಷ ಹಳೆಯ ಪೆಟ್ಟು, ಇವತ್ತು ಬೆಳಗ್ಗೆ ಆದದ್ದು.
ನಕ್ಕುಬಿಟ್ಟೆ. ನಗಬಾರದಿತ್ತು. ಅವನೂ ನಕ್ಕ.
"ಮಂಗಳವಾರ ಶೆಡ್ಡಿಗೆ ಬಾ, ಒದ್ದವಳನ್ನು ತೋರಿಸುತ್ತೇನೆ."

ಇಪ್ಪತ್ತೈದರ ಷೆವ್ರೊಲೆ. ವೆಡರ್‌ಬರ್ನಿನ ಹೊಲವೊಂದರಲ್ಲಿ
ಬಾನೆಟ್ಟು ಹಂದಿಗೆ ತೊಟ್ಟಿಯಾಗಿ,
ಹಿಂದಿನ ಸೀಟು ಕೋಳಿಗೆ ಬಾಣಂತಿಕೋಣೆಯಾಗಿ,
ಒಂದು ಚಕ್ರ ಬೇಲಿಯ ಗೇಟಿಗೆ ಭಾರವಾಗಿ ಜೋತುಬಿದ್ದಿತ್ತಂತೆ.
ಕ್ಲಬ್ಬಿನವರು ಹನ್ನೊಂದು ವರ್ಷ
ಒಂದೊಂದೇ ಅಂಗ ಹೊತ್ತು ತಂದರು.
ರೇಡಿಯೇಟರಿಗೆ ಎರಡು ಡಜನ್ ಬಿಯರು,
ಹಾರ್ನಿಗೆ ಒಂದು ಕುರಿ,
ಮುಂದಿನ ದೀಪಕ್ಕೆ, ಯಾರದೋ ಮಣ್ಣಿಗೆ ಹೋದಾಗ ಆಡಿದ ಒಂದು ಮಾತು.

ಅವನ ಕೈ ಪ್ಲಾಸ್ಟರಿನಲ್ಲಿ. ನನ್ನ ಕೈ ಖಾಲಿ.
ವಾಲ್ವಿಗೆ ಮಸೆಪುಡಿ ಹಚ್ಚಿ, ಕಡೆಗೋಲಿನ ಹಾಗೆ
ಅಂಗೈಗಳ ನಡುವೆ ಅತ್ತ ಇತ್ತ, ಅತ್ತ ಇತ್ತ.
"ಸದ್ದು ಕೇಳು. ಗರಗರ ಹೋಗಿ ಮೆತ್ತಗಾದಾಗ ನಿಲ್ಲಿಸು."
ನಮ್ಮ ಮಾತಿನಲ್ಲಿ ಮೊಣಕೈಗೂ ಕೀಲು, ಗಾಡಿಯ ಅಚ್ಚಿಗೂ ಕೀಲು,
ಎಣ್ಣೆ ಎರಡೂ ಕೇಳುತ್ತವೆ ಅಂದೆ.
ಆ ಪದವನ್ನು ಬಾಯೊಳಗೆ ಹೊರಳಿಸಿ ನೋಡಿದ: ಕೀಲು, ಕೀಲು.
ಎಡಗೈಯಲ್ಲಿ, ಚಾಕ್ಕಿನಿಂದ, ಗೋಡೆಗೆ ಬರೆದುಕೊಂಡ.

ಮರುವಾರ ಕೇಳಿದ: ಇದೇನಿದು, ಯಾರು ಬರೆದದ್ದು?

ಆಗ ಕಂಡವು ಬೇರೆ ಬರಹಗಳೂ.
ಡಬ್ಬಿಗಳ ಮೇಲೆ ಟೇಪು, ಟೇಪಿನ ಮೇಲೆ ಡಾಟ್ ಹಾಕ್‌ಸ್ಲಿಯ ದುಂಡಕ್ಷರ:
ತಾಮ್ರದ ವಾಷರ್. ಎಡದ ಬ್ರೇಕು.
ಮರ್ವ್, ಇದು ಪೆಟ್ರೋಲು, ನೀರಲ್ಲ.
ಸ್ಟೀರಿಂಗಿನ ಮೇಲಿನ ಸಣ್ಣ ಕಡ್ಡಿ, ಕಿಡಿಯನ್ನು ತಡೆದು ನಿಲ್ಲಿಸುವುದು,
ನಲವತ್ತು ವರ್ಷ ಊರಿಗೆಲ್ಲ ಹೇಳಿಕೊಟ್ಟವನು
ಅಂದು ಅದನ್ನು ಸರಿಸಲು ಮರೆತಿದ್ದ.

ಅವನು ಚಹಾಕ್ಕೆ ಒಳಗೆ ಹೋದ ಕೂಡಲೇ
ಯಾರೂ ಏನೂ ಅನ್ನುವುದಿಲ್ಲ.
ಡಾಟ್ ಸ್ಪ್ಯಾನರು ಎತ್ತಿಕೊಳ್ಳುತ್ತಾಳೆ, ಕ್ಲೆಮ್ ಟಾರ್ಚು ಹಿಡಿಯುತ್ತಾನೆ,
ಅವನು ಬಿಗಿದ ಒಂದೊಂದು ನಟ್ಟನ್ನೂ ಮತ್ತೆ ಬಿಗಿಯುತ್ತಾರೆ.
ಕೆಲವು ಬಿಗಿಯಾಗಿಯೇ ಇರುತ್ತವೆ.
ಬಾಗಿಲು ಕಿರುಗುಟ್ಟಿದರೆ ಎಲ್ಲರಿಗೂ ಫುಟ್‌ಬಾಲಿನ ಮಾತು.
ಲೆಕ್ಕಕ್ಕಿಂತ ಒಂದು ಕಪ್ಪು ಹೆಚ್ಚು ತಂದಿರುತ್ತಾನೆ.
ಯಾರಿಗೆಂದು ಕೇಳದೆ
ಸರದಿಯ ಮೇಲೆ ಒಬ್ಬೊಬ್ಬರು ಕುಡಿಯುತ್ತಾರೆ.

ಸೆಪ್ಟೆಂಬರು. ಮಾಲ್ಡನ್‌ವರೆಗೆ ಸವಾರಿ.
ಚಕ್ರದ ಮರದ ಕಡ್ಡಿಗಳಿಗೆ ರಾತ್ರಿಯೆಲ್ಲ ನೀರು ಕುಡಿಸಿದ್ದೆವು.
ಬಾನೆಟ್ಟಿನ ಮೇಲೆ ವಾಟಲ್ ಹೂವಿನ ಹಳದಿ ಪುಡಿ.
ಹ್ಯಾಂಡಲು ನನ್ನ ಕೈಗೆ. ಅವನು ಪಕ್ಕದಲ್ಲಿ ಬಗ್ಗಿ, ಮೂರನೆಯ ಸಲ,
ಮೊದಲ ಸಲದ ಹುರುಪಿನಲ್ಲಿ:
"ಹೆಬ್ಬೆರಳು ಉಳಿದ ನಾಲ್ಕರ ಜೊತೆಗೇ ಇರಲಿ, ಸುತ್ತಿ ಹಿಡಿಯಬೇಡ.
ಕೆಳಗಿನಿಂದ ಮೇಲಕ್ಕೆ ಎಳೆ. ಕೆಳಕ್ಕೆ ಒತ್ತಬೇಡ."
ಹೆಬ್ಬೆರಳನ್ನೇ ಕೇಳಿದ ಗುರುವಿನ ಕತೆ ನಾಲಗೆ ತುದಿಗೆ ಬಂತು.
ಹೇಳಲಿಲ್ಲ. "ಹೌದಾ?" ಅಂದೆ, ಮೂರನೆಯ ಸಲ.

ಎಳೆದೆ. ಕೆಮ್ಮಿತು. ಎಳೆದೆ.
ಶೆಡ್ಡಿನ ತಗಡೆಲ್ಲ ನಡುಗಿತು, ಡಾಟ್ ಟೋಪಿ ತೆಗೆದು ಬೀಸಿದಳು.
ಅವನೊಬ್ಬ ನಗಲಿಲ್ಲ. ಕತ್ತು ಓರೆ ಮಾಡಿ
"ಮೂರನೆಯದು" ಅಂದ.
ನಮಗೇನೂ ಕೇಳಿಸಲಿಲ್ಲ. ಕ್ಲೆಮ್ ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟು
ಇಲ್ಲವೆಂದು ತಲೆಯಲ್ಲಾಡಿಸಿದ.
"ಮೂರನೆಯದು," ನನ್ನತ್ತ ತಿರುಗಿ, ನನ್ನ ಹೆಸರು ಹುಡುಕಿ,
ಹುಡುಕುವುದನ್ನು ಬಿಟ್ಟು, "ಮೂರನೆಯದು ಕಣೇ."

ಡಾಟ್ ಪ್ಲಗ್ಗು ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.
ಕರ್ರಗೆ, ಒದ್ದೆ.