ಮೊಟ್ಟೆ ತೇಲುವಷ್ಟು ಉಪ್ಪು

ಆರುನೂರು ಅಡಿಗೆ ಸಿಕ್ಕಿದ್ದು ಸವುಳು ನೀರು.
ಬಾಣಾವರದಲ್ಲಿ ಅದಕ್ಕೆ ಯಾರೂ ಬಾಯಿ ಹಾಕಲಿಲ್ಲ,
ಎಮ್ಮೆ ಕೂಡ ಮೂಸಿ ಮುಖ ತಿರುಗಿಸಿತು.
ನಾನೊಂದು ಬೊಗಸೆ ಕುಡಿದು ನಕ್ಕೆ:
ಗಂಗೊಳ್ಳಿಯ ಅಳಿವೆಯಲ್ಲಿ, ಇಳಿತದ ಹೊತ್ತಿಗೆ,
ಇದೇ ರುಚಿ.

ಕೆರೆಯಲ್ಲ, ಟಾರ್ಪಾಲು ಹಾಸಿದ ಹೊಂಡ.
ಮರಿಗಳು ಬಂದವು, ಗಾಳಿ ತುಂಬಿದ ಚೀಲಗಳಲ್ಲಿ,
ರಾತ್ರಿಯಿಡೀ ಶಿರಾಡಿ ಹತ್ತಿದ ಲಾರಿಯೊಳಗೆ
ಐಸಿನಲ್ಲಿ ಮಲಗಿದ ಬಂಗುಡೆಗಳ ಪಕ್ಕ.
'ಮಾಲ' ಅಂದೆ. ಆಚೆ ತೋಟದ ಈರಮ್ಮ
'ಯಾವ ಹೂವಿಂದು?' ಅಂದಳು.

ಮಾಲ ಪಾಚಿ ತಿನ್ನುತ್ತದೆ, ಕೆಸರು ಸೋಸುತ್ತದೆ,
ತಲೆ ತಗ್ಗಿಸಿ ನೆಲ ಗುಡಿಸಿದ ಹಾಗೆ.
'ನೀನು ಬಂದ ಹೊಸದರಲ್ಲಿ ಹೀಗೇ ಇದ್ದೆ'
ಅಂದ ರಂಗಧಾಮ.
ನಾನು ಬಸ್ಸಿನಲ್ಲಿ ಬಂದವಳು ಮಾರಾಯ, ಟಿಕೆಟು ಕೊಂಡು.
ಬೇಕಾದರೆ ನಿನಗೇ ಹೋಲಿಸಿಕೊ:
ನೆರಳು ಬಿದ್ದರೆ ಸಾಕು, ಹಾರುತ್ತದೆ.

ಮೂರು ವರ್ಷ. ಮೊಳದುದ್ದ ಬೆಳೆದವು.
ಬಸುರಾದವು, ಹೆರಲಿಲ್ಲ.
ಹೆರುವುದಕ್ಕೆ ಅವು ಕಡಲಿಗೇ ಹೋಗಬೇಕು,
ಚಳಿಗೆ, ಹಿಂಡು ಕಟ್ಟಿಕೊಂಡು, ದಡ ಕಾಣದಷ್ಟು ದೂರ.
ಬಾಣಾವರದಿಂದ ಎಲ್ಲಿಗೆ ಹೋದಾವು?
ರೈಲ್ವೆ ಗೇಟಿನ ತನಕ?

ಅರಸೀಕೆರೆ ಮಾರ್ಕೆಟಿನಲ್ಲಿ ಮುಮ್ತಾಜಕ್ಕ
ಕಾಟ್ಲಾ ತಲೆಗಳನ್ನು ಪುಕ್ಕಟೆ ಕೊಟ್ಟಳು.
ಬುರುಡೆ ತೆರೆದು, ಮೆದುಳು ಸರಿಸಿ, ಅದರಡಿಯ
ರಾಗಿಕಾಳಿನಷ್ಟು ಗ್ರಂಥಿಯನ್ನು
ಚಿಮಟದಲ್ಲಿ ಹಿಡಿದೆ, ಉಸಿರು ಬಿಗಿಹಿಡಿದು.
ಅರೆದು, ಸೋಸಿ, ಸಿರಿಂಜಿಗೆ.
ಸಿಮೆಂಟು ತೊಟ್ಟಿಗೆ ಹರಳುಪ್ಪು, ಎರಡು ಮೂಟೆ,
ಸಾಲದೆ ಮೂರನೆಯದು.
ಉಪ್ಪು ಅಳೆಯುವ ಯಂತ್ರ ಕೈಕೊಟ್ಟಿತ್ತು.
ನಾಲಗೆ ಇತ್ತಲ್ಲ.
ಅಬ್ಬಿ ನನ್ನನ್ನು ದೋಣಿಯಿಂದ ತಳ್ಳಿ
ಈಜು ಕಲಿಸಿದ ದಿನ ಕುಡಿದ ನೀರು
ಮರೆಯುತ್ತದೆಯೆ?

ಎರಡನೆಯ ರಾತ್ರಿ ಹೊಟ್ಟೆ ನೀವಿದೆ.
ಸುರಿದವು, ಗಸಗಸೆಯಂಥವು, ಲೆಕ್ಕವಿಲ್ಲ.
ಉಳಿದಿದ್ದ ಒಂದೇ ಗಂಡನ್ನು ರಂಗಧಾಮ
ಒದ್ದೆ ಗೋಣಿಯಲ್ಲಿ, ಮಗುವಿನ ಹಾಗೆ, ಎತ್ತಿ ತಂದ.
ಬೆರೆಸಿದೆವು, ಕೋಳಿಗರಿಯಿಂದ, ಮೆಲ್ಲಗೆ.

ಮುಳುಗಿದವು.
ಎಲ್ಲವೂ ತಳಕ್ಕೆ, ರವೆ ಕೂತ ಹಾಗೆ.
ಅವನು ಟಾರ್ಚು ಆರಿಸಿದ.
'ಹಚ್ಚು' ಅಂದೆ. ನೀರು ನೆಕ್ಕಿ ನೋಡಿದೆ.
ಇದು ಅಳಿವೆ, ಕಡಲಲ್ಲ.
ಇನ್ನೊಂದು ಬಟ್ಟಲು ಉಪ್ಪು ಕರಗಿಸಿ, ಅಂಚಿನಿಂದ ಬಿಟ್ಟೆ,
ಮತ್ತೊಂದು.
ಗೂಡ್ಸು ರೈಲು ಹಾದುಹೋಯಿತು, ತೊಟ್ಟಿ ನಡುಗಿತು.

ಆಮೇಲೆ ಒಂದು ಎದ್ದಿತು.
ಅದರ ಹಿಂದೆ ಏಳೆಂಟು.
ಬೆಳಕಿಗೆ ಹಿಡಿದರೆ ಒಳಗೊಂದು ಎಣ್ಣೆಹನಿ.

ರಂಗಧಾಮ ಬಗ್ಗಿ, ಬೆರಳದ್ದಿ, ಬಾಯಿಗಿಟ್ಟು
ಮುಖ ಸಿಂಡರಿಸಿದ:
'ಇದನ್ನ ಕುಡಿದು ಬೆಳೆದೆಯೇನೆ ನೀನು?'