ಬೇರೆ ಕಾರಿನ ಬಾಗಿಲು

ಬಾಗಿಲು ನನ್ನ ತೊಡೆಯ ಮೇಲಿದೆ,
ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳಿ ಎಂದು ಕೊಟ್ಟ ಸಾಮಾನಿನಂತೆ.
ಇಪ್ಪತ್ತಾರು ವರ್ಷ ಪಾಂಟಿಪ್ರಿಡ್ಡಿನ ಬಸ್ಸು ಓಡಿಸಿದವಳು ನಾನು,
ಭಾರ ಗೊತ್ತು. ಇದು ಭಾರವಲ್ಲ,
ಆದರೂ ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುತ್ತದೆ.
"ಅಲ್ಲಾಡಬೇಡ ಮೆರೆರಿಡ್," ಎನ್ನುತ್ತಾನೆ ಟ್ಯುಡುರ್,
ಕೀಲಿನ ಬೋಲ್ಟಿಗೆ ಮೂಗು ತಾಗಿಸಿ.
ಅಲ್ಲಾಡುತ್ತಿರುವುದು ನಾನಲ್ಲ.

ತಗಡಾದರೆ ಸುತ್ತಿಗೆಯ ಮಾತು ಕೇಳುತ್ತಿತ್ತು.
ಇದು ಫೈಬರ್‌ಗ್ಲಾಸು:
ಬಡಿದರೆ ಬಿರಿಯುತ್ತದೆ,
ಬಗ್ಗಿಸಿದರೆ ಬೆಳಗಾಗುವಷ್ಟರಲ್ಲಿ
ಹಳೆಯ ಹಟಕ್ಕೆ ಮರಳಿರುತ್ತದೆ.

ಮೊದಲು ರಬ್ಬರು, ಅವನ ಪಾಠ.
ರಬ್ಬರಿಲ್ಲದೆ ಸಂದು ಅಳೆಯುವುದು
ಕಾಲು ಮನೆಯಲ್ಲಿಟ್ಟು ಚಪ್ಪಲಿ ಕೊಳ್ಳಲು ಹೋದಂತೆ.
ಆಮೇಲೆ ಎಂಜಿನ್ನು ಒಳಗೆ, ಚಕ್ರ ನೆಲಕ್ಕೆ;
ಜಾಕಿನ ಮೇಲಿರುವ ಕಾರು ಸುಳ್ಳು ಹೇಳುತ್ತದೆ.
ಬಣ್ಣವೆ? ಬಣ್ಣದ ಸುದ್ದಿ ಎತ್ತಬೇಡ.

ಅಳತೆಗೋಲು ಎಂದರೆ ಎರಡು ಪೆನ್ಸಿನ ಎರಡು ನಾಣ್ಯ,
ಬೆನ್ನಿಗೆ ಬೆನ್ನು ಅಂಟಿಸಿದ್ದು.
ಮುಂದಿನ ಅಂಚಿನಲ್ಲಿ ಅದು ಒಳಗೇ ಹೋಗಲಿಲ್ಲ.
ಹಿಂದೆ, ಮೇಲ್ಗಡೆ, ಸಲೀಸಾಗಿ ಜಾರಿ
ಟಣ್ಣೆಂದು ಎಲ್ಲೋ ಹೊಟ್ಟೆಯೊಳಗೆ ಬಿತ್ತು.
ಕೀಲಿಗೆ ಒಂದು ಬಿಲ್ಲೆ ಸೇರಿಸಿದೆವು, ಎರಡು ತೆಗೆದೆವು,
ಮತ್ತೆ ಅರ್ಧ ಸೇರಿಸಿದೆವು.
ಮೇಲ್ತುದಿ ಏರಿಗೆ, ಕೆಳತುದಿ ನೀರಿಗೆ.
ಟ್ಯುಡುರ್ ವೆಲ್ಷಿನಲ್ಲಿ ಬೈದ.
ನನ್ನಜ್ಜಿ ಆ ಪದವನ್ನು ಕುರಿಗಳಿಗೆ ಮೀಸಲಿಟ್ಟಿದ್ದಳು.

ಇನ್ನು ಅಂಚನ್ನೇ ಬೆಳೆಸಬೇಕು.
ಕಾರಿನ ಕಡೆಗೆ ಕಂದು ಟೇಪು, ಅದರ ಮೇಲೆ ಮೇಣ,
ಬಾಗಿಲ ಕಡೆಗೆ ಗಾಜಿನ ನೂಲಿನ ಚಾಪೆ ಚೂರು, ಅಂಟು.
ಕಲಸಿದ ಹೊತ್ತನ್ನು ಬಟ್ಟಲ ಮೇಲೆ ಬರೆದಿಡುತ್ತಾನೆ: 2.17.
ಏಳರ ಸೊಂಟಕ್ಕೊಂದು ಅಡ್ಡಗೆರೆ.
ಎಲ್ಲಿ ಕಲಿತೆ ಎಂದರೆ, ಹಡಗಿನಲ್ಲಿದ್ದ ಚಿಕ್ಕಪ್ಪನಿಂದ;
ಈ ಕಣಿವೆಯಲ್ಲಿ ಹಾಗೆ ಬರೆಯುವವನು ತಾನೊಬ್ಬನೇ ಅಂತೆ.

ಅಂಟು ಹಿಡಿಯಲು ಹಳೆಯ ಮೈ ಕೆರೆಯಬೇಕಿತ್ತು.
ಒಳಗಡೆ, ಕೀಲಿನ ಪಕ್ಕ,
ಕಪ್ಪು ಬಣ್ಣದ ಕೆಳಗೆ ಬೂದು, ಬೂದಿನ ಕೆಳಗೆ
ಜೇನುಬಣ್ಣದ ಅಂಟಿನಲ್ಲಿ ಮುಳುಗಿದ ನೀಲಿ ಬಳಪ:
187.
ಎಂಜಿನ್ನಿನ ಗೋಡೆಯ ಫಲಕ ನೋಡಿದೆ.
178.
ಮತ್ತೆ ಬಾಗಿಲು ನೋಡಿದೆ.
ಏಳರ ಸೊಂಟಕ್ಕೊಂದು ಅಡ್ಡಗೆರೆ.

ಹೀಟರು ಗುಂಯ್ ಎನ್ನುತ್ತಿತ್ತು.
ಟ್ಯುಡುರ್ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದ,
ಅಂಗಿಯಲ್ಲಿ ಧೂಳೇ ಹೆಚ್ಚಿತ್ತು.
ಕಾರ್ಖಾನೆ ಮುಚ್ಚಿ ಐವತ್ತು ವರ್ಷ ದಾಟಿದೆ;
ಅದರ ಜಾಗದಲ್ಲಿ ಈಗ ಸೋಫಾ ಮಾರುತ್ತಾರೆ.
ಇವನಿಗಾಗ ಹದಿನೇಳು, ಕೈತುಂಬ ಗಾಜಿನ ಮುಳ್ಳಿನ ತುರಿಕೆ,
ಸಂಬಳದ ದಿನ, ಸಂಜೆ, ಹೊರಗೆ ಯಾರೋ ಕಾಯುತ್ತಿದ್ದಿರಬಹುದು.
ನಾನು ಕೇಳಲಿಲ್ಲ.
"ಶುಕ್ರವಾರ ಇದ್ದಿರಬೇಕು," ಎಂದ ಕೊನೆಗೆ,
ಬಟ್ಟಲಿನ ಅಂಟು ಗಟ್ಟಿಯಾಗಿತ್ತು.

ಹೊಸದಾಗಿ ಕಲಸಿದ. ಹೊತ್ತು ಬರೆಯಲಿಲ್ಲ.

ಮೂರು ಶನಿವಾರ ಬಂದ, ಕರೆಯದೆಯೇ.
ಗರಗಸದ ಅಲಗಿಗೆ ಉಪ್ಪುಕಾಗದ ಸುತ್ತಿ
ಸಂದಿನುದ್ದಕ್ಕೂ ಎಳೆದ, ಊದಿದ, ಬೆರಳಾಡಿಸಿದ.
ಪ್ರೈಮರ್ ಬಣ್ಣ ಸೇರಿದರೆ ಸಂದು ಕಿರಿದಾಗುತ್ತದೆಂದು
ಕೂದಲೆಳೆಯಷ್ಟು ಹೆಚ್ಚೇ ಬಿಟ್ಟ.
ಕೂಲಿಯ ಮಾತೆತ್ತಿದರೆ ಕಿವಿ ಮಂದವಾಗುತ್ತಿತ್ತು.

ನಿನ್ನೆ ನಾಣ್ಯ ಸುತ್ತಲೂ ಓಡಿತು,
ಸಿಕ್ಕಿಕೊಳ್ಳದೆ, ಜಾರದೆ;
ಕೆಳಮೂಲೆಯಲ್ಲಿ ಮಾತ್ರ ಒಮ್ಮೆ ತಡೆಯಿತು.
"ಅದು ಇರಲಿ," ಎಂದ ಟ್ಯುಡುರ್.

ನನ್ನ ಬಾಗಿಲು ಎಲ್ಲೋ ಇದೆ,
ನೂರ ಎಂಬತ್ತೇಳರ ಪಕ್ಕೆಯಲ್ಲಿ,
ಯಾವುದೋ ಊರಿನ ಶೆಡ್ಡಿನಲ್ಲಿ
ಮುಂದೆ ಉಜ್ಜುತ್ತ, ಹಿಂದೆ ಬಾಯಿಬಿಡುತ್ತ.
ಅದರ ಒಡೆಯನಿಗೆ ಕಾರಣ ಗೊತ್ತಿಲ್ಲ.
ತನ್ನ ಕೈಯನ್ನೇ ಬೈದುಕೊಳ್ಳುತ್ತಿರಬಹುದು.
ಬಾಗಿಲು ಹಿಡಿಯಲು ಅವನಿಗೂ
ಒಂದು ಜೊತೆ ತೊಡೆ ಸಿಕ್ಕಿರಲಿ.