ತೋಳು ಹದಿನೇಳು

ವಿರಾಜಪೇಟೆಯ ಟಾಕೀಸು, ಮುಂದಿನ ಬೆಂಚು,
ನಾವು ನಾಲ್ವರೂ ಐದನೇ ಕ್ಲಾಸು.
ಪರದೆಯ ಮೇಲೆ ಬೀಗ ಹಾಕಿದ ಒಂದು ಕೋಣೆ,
ಒಳಗೆ ಹೊಲಿಗೆ ಮಿಷನ್ನು ಓಡುತ್ತಿತ್ತು.
ಅಷ್ಟೇ.
ಬಿಳಿ ಸೀರೆ ಇಲ್ಲ, ಗೆಜ್ಜೆ ಇಲ್ಲ,
ಒಂದು ನಾಯಿಯೂ ಊಳಿಡಲಿಲ್ಲ.
ಮಿಷನ್ನು ನಿಂತಾಗ ಒಂದು ಹೆಣ್ಣುದನಿ
ರೇಷನ್ ಅಂಗಡಿಯಲ್ಲಿ ಹೆಸರು ಕೂಗುವ ಬೇಸರದಲ್ಲಿ
ಅಳತೆ ಓದುತ್ತಿತ್ತು:
ಎದೆ ಇಪ್ಪತ್ತಾರು. ಸೊಂಟ ಇಪ್ಪತ್ತನಾಲ್ಕು.
ತೋಳು ಹದಿನೇಳು.

ಯಾರ ಅಳತೆ?
ಸಿನಿಮಾ ಹೇಳಲಿಲ್ಲ. ಲೈಟು ಹತ್ತಿತು,
ಗೇಟು ತೆರೆಯಿತು, ಹೊರಗೆ ಕಡಲೆಕಾಯಿ ಮಾರುವವನು
ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

ನನ್ನ ಅವ್ವ ಟೈಲರು.
ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ಮದುವೆ ಸೀಸನ್ನಿಗೆ
ಕುಪ್ಯ ಹೊಲಿಯುತ್ತಿದ್ದವಳು.
ಆ ರಾತ್ರಿ ಅವಳ ಟೇಪು ಕದ್ದು ತೋಳಿಗೆ ಹಿಡಿದೆ.
ಹದಿನೇಳು.
ಮಾರನೆಯ ದಿನ ಶಾಲೆಯ ಪಾಗಾರದ ಮರೆಯಲ್ಲಿ
ಅಬೂಟಿಯದು ಹದಿನೇಳು. ದೇಚುವಿನದೂ ಹದಿನೇಳು.
ಬೆನಡಿಕ್ಟನದು ಹದಿನೆಂಟೂವರೆ;
ಅವನು ಭುಜ ಕುಗ್ಗಿಸಿ, ಉಸಿರು ಕಟ್ಟಿ
ಹದಿನೇಳು ಮಾಡಿಕೊಂಡ.
ಒಬ್ಬನೇ ಉಳಿದುಹೋಗುವುದು ಅವನಿಗೆ ಬೇಕಿರಲಿಲ್ಲ.

ಒಂದು ತಿಂಗಳು ಎಂಟರ ಮೇಲೆ
ಅವ್ವನಿಗೆ ಪೆಡಲು ಮುಟ್ಟಗೊಡಲಿಲ್ಲ ನಾನು.
ಮದುಮಗ ಬನಿಯನ್ನಿನಲ್ಲೇ ನಿಲ್ಲಲೇನೋ, ಎಂದು ಬೈದಳು.

ಈಗ ಅದಕ್ಕೊಂದು ಹಿಂದಿನ ಕಥೆ ಬಂದಿದೆ. ಪ್ರೀಕ್ವೆಲ್.
ಅಬೂಟಿಯ ಜೀಪಿನಲ್ಲಿ ಕುಶಾಲನಗರಕ್ಕೆ ಮೂವರು ಹೋದೆವು.
ಬೆನಡಿಕ್ಟನ ಹಂದಿಗೆ ಅದೇ ದಿನ ಹೆರಿಗೆ, ಅವನು ಬರಲಿಲ್ಲ.
ಬಾರದಿದ್ದುದೇ ಒಳ್ಳೆಯದಾಯಿತು.

ಅವಳಿಗೊಂದು ಹೆಸರು ಕೊಟ್ಟಿದ್ದಾರೆ, ಇಂದುಮತಿ.
ಒಬ್ಬ ದುಷ್ಟ ಮಾವ, ಹೊಳೆ ದಂಡೆಯಲ್ಲಿ ಒಂದು ಹಾಡು,
ಮಿಷನ್ನು ಕೊಂಡ ಅಂಗಡಿ, ಕೊಂಡ ದಿನದ ಮಳೆ.
ಬೀಗಕ್ಕೂ ಒಂದು ಫ್ಲ್ಯಾಶ್‌ಬ್ಯಾಕು!
ಮುಖವನ್ನೂ ತೋರಿಸಿದರು, ಹತ್ತಿರದಿಂದ.
ಚೆಂದದ ಮುಖ. ಹುಡುಗಿ ಚೆನ್ನಾಗಿಯೇ ಅತ್ತಳು,
ಪಕ್ಕದ ಸಾಲಿನಲ್ಲಿ ಯಾರೋ ಮೂಗೊರೆಸಿಕೊಂಡರು.
ಕೆಟ್ಟ ಸಿನಿಮಾ ಎಂದು ಬೈಯಲೂ ಬಾರದ ಸಂಕಟ.
ಅಳತೆ ಅವಳ ಸತ್ತ ಮಗಳದಂತೆ.
ನಮ್ಮದಲ್ಲವಂತೆ.

ಕೊನೆಗೆ ಆ ದನಿ ಬಂತು, ಹಿಂದೆ ಪಿಟೀಲುಗಳನ್ನು ಕಟ್ಟಿಕೊಂಡು:
ಎದೆ ಇಪ್ಪತ್ತಾರು, ಸೊಂಟ ಇಪ್ಪತ್ತನಾಲ್ಕು,
ತೋಳು ಹದಿನಾರು.
"ಹದಿನೇಳು!"
ಎದ್ದು ನಿಂತವಳು ದೇಚು,
ಪೊನ್ನಂಪೇಟೆಯ ಬ್ಯಾಂಕಿನಲ್ಲಿ ಮೂವತ್ತು ವರ್ಷ ಕ್ಯಾಷಿಯರು,
ನಾಲ್ಕಾಣೆ ತಾಳೆಯಾಗದಿದ್ದರೆ ಊಟ ಬಿಡುವವಳು.
ಕೂತ್ಕೊಳ್ಳಿ ಆಂಟಿ, ಎಂದಿತು ಕತ್ತಲು.

ವಾಪಸು ಬರುವಾಗ ಸಿದ್ದಾಪುರದ ಹತ್ತಿರ,
ಕಾಫಿ ಬೇಲಿ ಮುರಿದು ರಸ್ತೆಗಿಳಿದಿತ್ತು ಒಂಟಿ ಆನೆ.
ಅಬೂಟಿ ಲೈಟು ಆರಿಸಿದ, ಎಂಜಿನ್ನು ಆರಿಸಿದ.
ಅದರ ಕಿವಿಯ ಸದ್ದು ಮಾತ್ರ,
ಒದ್ದೆ ಗೋಣಿ ಕೊಡವಿದ ಹಾಗೆ.
ಎಷ್ಟು ಹೊತ್ತೋ. ದೇಚುವಿನ ಬಳೆ ನನ್ನ ಮಣಿಕಟ್ಟಿಗೆ ಒತ್ತಿ
ಗುರುತು ಬಿದ್ದದ್ದು ಬೆಳಿಗ್ಗೆ ಗೊತ್ತಾಯಿತು.

ಆನೆ ಹೋದ ಮೇಲೆ ಅಬೂಟಿ ಬೀಡಿ ಹಚ್ಚಿದ.
"ಇದರ ಅಪ್ಪ ಯಾರು, ಮಾವ ಎಂಥವನು,
ಚಿಕ್ಕಂದಿನಲ್ಲಿ ಏನು ಕಷ್ಟಪಟ್ಟಿತು,
ಯಾರಾದರೂ ಹೇಳಿದರಾ? ನನ್ನ ಕೈ ನೋಡು."
ನೋಡಿದೆವು. ಬೆಂಕಿಕಡ್ಡಿ ಕೈಯಲ್ಲೇ ಕುಣಿಯುತ್ತಿತ್ತು.
ದೇಚುವಿಗೆ ನಗು ಬಂತು, ನಿಲ್ಲಿಸಲಾಗಲಿಲ್ಲ,
ಅಮ್ಮತ್ತಿ ದಾಟುವವರೆಗೂ ನಕ್ಕಳು.

ಅವ್ವನ ಮಿಷನ್ನು ಈಗ ನನ್ನ ಮನೆಯಲ್ಲಿದೆ,
ಮೇಲೆ ಟೀವಿ, ಕರೆಂಟಿನ ಬಿಲ್ಲು, ಬಾಚಣಿಗೆ.
ಹತ್ತಿರ ಹೋಗಿ ನಿಂತೆ. ಏನೂ ಇಲ್ಲ.
ಇಂದುಮತಿಯ ಬಗ್ಗೆ ಅಯ್ಯೋ ಪಾಪ ಅನ್ನಿಸಿತು.
ಅದನ್ನೇ ಕ್ಷಮಿಸಲು ಆಗುತ್ತಿಲ್ಲ ನನಗೆ.

ಒಂದು ಗಂಟೆಗೆ ಫೋನು. ಅಬೂಟಿ.
"ಹದಿನೇಳೇ ತಾನೆ?"
"ಹದಿನೇಳೇ."
ಅವನು ಇಡಲಿಲ್ಲ, ನಾನೂ ಇಡಲಿಲ್ಲ.
ಅವನ ಹಿಂದೆ, ಒಳಮನೆಯಿಂದ, ಏನೋ ಓಡುತ್ತಿತ್ತು:
ಫ್ಯಾನೋ, ಫ್ರಿಜ್ಜೋ.
ನಾನು ಕೇಳಲಿಲ್ಲ.